ಬೀಗದ ಕೈ ಯಾರ ಕೈಯಲ್ಲಿ?

ನಮ್ಮ ಕೈಯಲ್ಲಿ ದಿನವೂ ಓಡಾಡುವ ನೋಟುಗಳಲ್ಲಿ ಎಷ್ಟೋ ಮೈಸೂರಿನಲ್ಲಿ ಅಚ್ಚಾದವು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯ ಇಲ್ಲಿ 1996ರಿಂದ ನಡೆಯುತ್ತಿದೆ. ನೋಟಿನ ಕಾಗದವನ್ನು ತಯಾರಿಸುವ ಗಿರಣಿಯೂ ಈ ಊರಿನಲ್ಲಿಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಮೈಸೂರು ಪೇಂಟ್ಸ್ ಸಂಸ್ಥೆಯಾದರೋ 1962ರ ಮಹಾಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಒದಗಿಸುತ್ತ ಬಂದಿದೆ. ಹೀಗೆ, ಮೋಸವನ್ನು ತಡೆಯುವ ವಸ್ತುಗಳನ್ನು ತಯಾರಿಸುವುದೇ ಒಂದು ಉದ್ಯಮವಾಗಿರುವ ಊರು ನಮ್ಮದು.

ಆ ಶಾಯಿಯ ವಿಚಾರವನ್ನು ಸ್ವಲ್ಪ ಆಲೋಚಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಅದು ದುಬಾರಿಯ ಯಂತ್ರವಲ್ಲ. ಬೆಳ್ಳಿಯ ಲವಣ ಬೆರೆತ ಒಂದು ಹನಿ ದ್ರವ. ಮತದಾರನು ಸತ್ಯವಂತನೇ ಅಲ್ಲವೇ ಎಂದು ಅದು ವಿಚಾರಿಸುವುದಿಲ್ಲ. ಮತಗಟ್ಟೆಗೆ ಬೇಲಿ ಹಾಕುವುದಿಲ್ಲ. ಒಬ್ಬನೇ ಎರಡು ಸಲ ಮತ ಹಾಕಿಯಾನು ಎಂಬ ಒಂದೇ ಒಂದು ಭಯವನ್ನು ಮುಂದಿಟ್ಟುಕೊಂಡು, ಆ ಅಕ್ರಮ ನಡೆಯಬಹುದಾದ ಜಾಗದಲ್ಲಿಯೇ ಅದಕ್ಕೆ ತಡೆ ಒಡ್ಡುತ್ತದೆ. ಯಾವುದಕ್ಕೆ ಹೆದರಬೇಕೆಂಬುದನ್ನು ಮೊದಲು ನಿಶ್ಚಯಿಸಿ, ಆಮೇಲೆ ಉಪಾಯವನ್ನು ಹುಡುಕಿದವರ ಕೆಲಸ ಅದು.

ಈ ಕ್ರಮ ಈಗ ಬೇಕಾಗಿರುವುದು ಇನ್ನೊಂದು ಕಡೆ. ಇಂದು ಹಣವೆಂಬುದು ಬಹುಮಟ್ಟಿಗೆ ಕಾಗದದಲ್ಲಿಲ್ಲ, ಗಣಕಯಂತ್ರದೊಳಗಿನ ಅಂಕಿಗಳಲ್ಲಿದೆ. ಸಹಕಾರಿ ಬ್ಯಾಂಕಿನ ಠೇವಣಿ, ಆಸ್ಪತ್ರೆಯ ರೋಗಿಯ ವಿವರ, ಕಾಲೇಜಿನ ಅಂಕಪಟ್ಟಿ, ಕಾರ್ಖಾನೆಯ ಸಂಬಳದ ಲೆಕ್ಕ, ಇವೆಲ್ಲವೂ ಅಲ್ಲಿಯೇ ಸೇರಿವೆ. ನೋಟಿನ ಕಟ್ಟನ್ನು ಕಾಯುವ ವಿದ್ಯೆ ನಮಗೆ ಬಂದಿದೆ. ಅಂಕಿಗಳನ್ನು ಕಾಯುವ ವಿದ್ಯೆ ಬಂದಿದೆಯೆ?

ಕೆಲವು ಕಾಲದ ಹಿಂದೆ ನಗರದ ಒಂದು ಸಂಸ್ಥೆಯ ಕಚೇರಿಗೆ ಹೋಗಬೇಕಾದ ಪ್ರಸಂಗ ನನಗೆ ಬಂದಿತು. ಅದರ ಹೆಸರು ಇಲ್ಲಿ ಬೇಡ. ಹಾಗಿರುವುದು ಅದೊಂದೇ ಅಲ್ಲ. ಗುಮಾಸ್ತೆಯ ಗಣಕದ ಅಂಚಿಗೆ ಹಳದಿ ಚೀಟಿಯೊಂದನ್ನು ಅಂಟಿಸಿತ್ತು. ಅದರ ಮೇಲೆ ಪಾಸ್‌ವರ್ಡ್. ಅದು ಆಕೆಯದೂ ಅಲ್ಲ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟು ಹೋದವರದು. "ಅವರದರಲ್ಲಿ ಎಲ್ಲ ಬಾಗಿಲೂ ತೆರೆಯುತ್ತೆ ಸಾರ್, ನಮ್ಮದರಲ್ಲಿ ತೆರೆಯೋದಿಲ್ಲ" ಎಂದರು ಆಕೆ. ಕಾರ್ಯದರ್ಶಿಗಳನ್ನು ಕೇಳಿದಾಗ ಅವರು ನಿಶ್ಚಿಂತರಾಗಿಯೇ ಇದ್ದರು: "ಏನೂ ಭಯವಿಲ್ಲ ಸ್ವಾಮಿ, ಆಂಟಿವೈರಸ್ ಹಾಕಿಸಿದ್ದೇವೆ. ಮಿಕ್ಕದ್ದೆಲ್ಲ ಕಂಪ್ಯೂಟರಿನ ಹುಡುಗ ನೋಡಿಕೊಳ್ಳುತ್ತಾನೆ." ಅದೇ ಕಾರ್ಯದರ್ಶಿಗಳು ಕಬ್ಬಿಣದ ಪೆಟ್ಟಿಗೆಯ ಬೀಗದ ಕೈಯನ್ನು ಮಾತ್ರ ಸೊಂಟದಿಂದ ಕೆಳಗಿಡುವವರಲ್ಲ. ಪೆಟ್ಟಿಗೆಯಲ್ಲಿ ಇದ್ದದ್ದು ಕೆಲವು ಸಾವಿರ ರೂಪಾಯಿ. ಚೀಟಿಯ ಹಿಂದೆ ಇದ್ದದ್ದು ಸಂಸ್ಥೆಯ ಸರ್ವಸ್ವ.

ಅವರ ಮಾತಿನಲ್ಲಿ ಅಪ್ರಾಮಾಣಿಕತೆ ಇರಲಿಲ್ಲ. ಒಂದು ತಪ್ಪು ಗ್ರಹಿಕೆ ಇತ್ತು. ರಕ್ಷಣೆಯೆಂಬುದು ಅಂಗಡಿಯಲ್ಲಿ ಕೊಳ್ಳಬಹುದಾದ ಸರಕು ಎಂಬುದೇ ಆ ಗ್ರಹಿಕೆ. ಈ ಲೇಖನದ ಅಭಿಪ್ರಾಯ ಅದಕ್ಕೆ ನೇರ ವಿರುದ್ಧವಾದುದು. ಗಣಕದ ರಕ್ಷಣೆ ಯಂತ್ರಜ್ಞನ ಕೆಲಸವಾಗುವುದಕ್ಕೆ ಮುಂಚೆ ಆಡಳಿತದ ಕೆಲಸ. ಯಂತ್ರವನ್ನು ಆಮೇಲೆ ಕೊಳ್ಳಬಹುದು. ವಿವೇಚನೆಯನ್ನು ಆಡಳಿತ ಮಂಡಳಿಯೇ ಮಾಡಬೇಕು.

ಬಂದುಹೋದ ಪೆಟ್ಟುಗಳು

ಅಪಾಯವು ಕಾಲ್ಪನಿಕವಾದುದಲ್ಲ. 2019ರಲ್ಲಿ ನಮ್ಮ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಿಂದ, ಅಂದರೆ ಸರ್ಕಾರಿ ಟೆಂಡರುಗಳು ನಡೆಯುವ ಜಾಲತಾಣದಿಂದ, ಸುಮಾರು 11.5 ಕೋಟಿ ರೂಪಾಯಿ ಅಪಹೃತವಾಯಿತು. ಟೆಂಡರು ಹಾಕುವವರು ಮುಂಗಡವಾಗಿ ಕಟ್ಟಿ, ಕೆಲಸ ದೊರೆಯದಿದ್ದಾಗ ಹಿಂದಕ್ಕೆ ಪಡೆಯುವ ಠೇವಣಿಯ ಹಣ ಅದು. ಹಣವು ಸದಾ ಬರುತ್ತ ಹೋಗುತ್ತ ಇರುವ ದಾರಿಯಲ್ಲಿ ಕಳ್ಳನ ಹೆಜ್ಜೆ ಸುಲಭವಾಗಿ ಬೆರೆತುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಅದಕ್ಕೆ ಒಂದು ವರ್ಷ ಮುಂಚೆ, 2018ರ ಆಗಸ್ಟ್ 11ರಂದು, ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಲ್ಲಿ ನಡೆದುದು ಇನ್ನೂ ದೊಡ್ಡದು. ಎ.ಟಿ.ಎಂ. ಯಂತ್ರವು ಹಣ ಕೊಡಬಹುದೇ ಎಂದು ಬ್ಯಾಂಕನ್ನು ಕೇಳಿದಾಗ, ಬ್ಯಾಂಕಿಗೆ ಬದಲಾಗಿ ಕಳ್ಳರು ನಿಲ್ಲಿಸಿದ್ದ ಕೃತಕ ವ್ಯವಸ್ಥೆಯೊಂದು "ಕೊಡಬಹುದು" ಎಂದು ಉತ್ತರ ಕೊಡುತ್ತಿತ್ತು. 28 ದೇಶಗಳ ಯಂತ್ರಗಳಿಂದ ಕೆಲವೇ ಗಂಟೆಗಳಲ್ಲಿ ಹಣ ಹೊರಬಿದ್ದಿತು. ಆಗಸ್ಟ್ 13ರಂದು ಇನ್ನಷ್ಟು ಹಣ ಹಾಂಗ್‌ಕಾಂಗಿಗೆ ಹೋಯಿತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ. ಮೊದಲನೆಯ ದಿನ ತಿಂಗಳ ಎರಡನೆಯ ಶನಿವಾರ ಎಂಬುದನ್ನು ವಾಚಕರು ಗಮನಿಸಬೇಕು. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರನ್ನು ಕದ್ದವರೂ ಆ ದೇಶದ ವಾರದ ರಜೆಯ ಹಿಂದಿನ ರಾತ್ರಿಯನ್ನೇ ಆರಿಸಿಕೊಂಡಿದ್ದರು. ಕಳ್ಳರು ನಮ್ಮ ಪಂಚಾಂಗವನ್ನು ನಮಗಿಂತ ಚೆನ್ನಾಗಿ ಓದುತ್ತಾರೆ. ದಸರೆಯ ರಜೆಯಲ್ಲಿ ನಮ್ಮ ಸಂಸ್ಥೆಗಳ ಗಣಕಗಳನ್ನು ಯಾರು ನೋಡುತ್ತಾರೆ ಎಂಬುದು ಮೈಸೂರಿಗೆ ಸಣ್ಣ ಪ್ರಶ್ನೆಯೇನಲ್ಲ.

ಮೂರನೆಯದು ಹಣದ ಕಳವಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಗಣಕಗಳಿಗೆ ರ‍್ಯಾನ್ಸಮ್‌ವೇರ್ ಹೊಕ್ಕಿತು. ಈ ತಂತ್ರಾಂಶವು ಕಡತಗಳನ್ನು ಕದ್ದೊಯ್ಯಲೇಬೇಕೆಂದಿಲ್ಲ. ಇದ್ದಲ್ಲಿಯೇ ಅವುಗಳಿಗೆ ಬಿಡಿಸಲಾಗದ ಬೀಗ ಜಡಿದು, ಕೈಗೆ ಹಣ ಕೇಳುತ್ತದೆ. ಹೊರರೋಗಿಗಳ ನೋಂದಣಿ, ಪರೀಕ್ಷೆಗಳ ವರದಿ ಮುಂತಾದುದೆಲ್ಲ ಸುಮಾರು ಎರಡು ವಾರ ಕೈಬರಹದಲ್ಲಿ ನಡೆಯಬೇಕಾಯಿತು. ಸರ್ಕಾರವು ಸಂಸತ್ತಿಗೆ ತಿಳಿಸಿದಂತೆ ಐದು ಸರ್ವರುಗಳು ಇದಕ್ಕೆ ಸಿಕ್ಕಿದ್ದವು. ರೋಗದಿಂದ ನರಳುವವನಿಗೆ ವರದಿ ಒಂದು ದಿನ ತಡವಾದರೆ ಅದರ ಬೆಲೆ ರೂಪಾಯಿಯಲ್ಲಿ ಅಳೆಯತಕ್ಕದ್ದಲ್ಲ.

ಏನನ್ನು ಮೊದಲು ಕಾಯಬೇಕು?

ಈ ಮೂರನ್ನೂ ನೋಡಿದವರಿಗೆ ಎಲ್ಲವನ್ನೂ ಎಲ್ಲ ರೀತಿಯಲ್ಲಿಯೂ ಕಾಯಬೇಕೆಂಬ ಗಾಬರಿ ಹುಟ್ಟುವುದು ಸಹಜ. ಆದರೆ ಎಲ್ಲವನ್ನೂ ಸಮವಾಗಿ ಕಾಯುವವನು ಯಾವುದನ್ನೂ ಕಾಯಲಾರ. ಆದುದರಿಂದ ಆಡಳಿತ ಮಂಡಳಿಯು ಒಂದು ಮಧ್ಯಾಹ್ನ ಕುಳಿತು ಒಂದು ಹಾಳೆಯಲ್ಲಿ ಬರೆಯಬೇಕಾದ ಮೊದಲನೆಯ ಸಂಗತಿ, ನಮ್ಮಲ್ಲಿ ಏನೇನಿದೆ ಎಂಬುದು: ಎಷ್ಟು ಗಣಕಗಳು, ಯಾವ ತಂತ್ರಾಂಶಗಳು, ಯಾವ ದಾಖಲೆ ಎಲ್ಲಿದೆ, ಹೊರಗಿನಿಂದ ಜಾಲಕ್ಕೆ ಎಷ್ಟು ಬಾಗಿಲುಗಳು. ಮರೆತುಹೋಗಿ ಮೂಲೆಯಲ್ಲಿ ಉರಿಯುತ್ತಿರುವ ಹಳೆಯ ಯಂತ್ರವೊಂದೇ ಎಷ್ಟೋ ಕಡೆ ಹಿತ್ತಲ ಬಾಗಿಲಾಗಿದೆ. ಎರಡನೆಯದು, ಇವುಗಳಲ್ಲಿ ಯಾವುದು ಹೋದರೆ ಸಂಸ್ಥೆ ನಾಳೆ ಬೆಳಗ್ಗೆ ಬಾಗಿಲು ತೆರೆಯಲಾರದು ಎಂಬುದು. ಸಹಕಾರಿ ಬ್ಯಾಂಕಿಗೆ ಅದು ಠೇವಣಿಯ ಲೆಕ್ಕ. ಆಸ್ಪತ್ರೆಗೆ ರೋಗಿಗಳ ವಿವರ. ರೇಷ್ಮೆಯ ವ್ಯಾಪಾರಿಗೆ ಗಿರಾಕಿಗಳ ಬಾಕಿ. ಈ ಹಾಳೆಯನ್ನು ಹೊರಗಿನ ತಜ್ಞನು ಬರೆದುಕೊಡಲಾರ. ಮನೆಯಲ್ಲಿ ಯಾವುದು ಅಮೂಲ್ಯವೆಂಬುದು ಮನೆಯವರಿಗೇ ಗೊತ್ತು.

ಆ ಹಾಳೆಯಿದ್ದರೆ ದಿನನಿತ್ಯದ ಒಂದು ಕೆಲಸವೂ ಸುಲಭವಾಗುತ್ತದೆ. ತಂತ್ರಾಂಶಗಳಲ್ಲಿ ಬಿರುಕುಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ. ತಯಾರಿಸಿದವರು ತೇಪೆಗಳನ್ನು ಕಳುಹಿಸುತ್ತಲೇ ಇರುತ್ತಾರೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು 150 ದೇಶಗಳಲ್ಲಿ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳನ್ನು ಕೂಡ ನಿಲ್ಲಿಸಿದಾಗ, ಅದು ನುಗ್ಗಿದ ಬಿರುಕಿಗೆ ಮೈಕ್ರೋಸಾಫ್ಟ್ ಕಂಪನಿಯು ತೇಪೆಯನ್ನು ಕೊಟ್ಟು ಆಗಲೇ ಎರಡು ತಿಂಗಳಾಗಿತ್ತು. ಔಷಧ ಬಂದಿತ್ತು, ಕುಡಿಸುವವರು ಇರಲಿಲ್ಲ. ಇಂಥ ಕೆಲಸಕ್ಕೆ ಬುದ್ಧಿವಂತಿಕೆ ಬೇಕಿಲ್ಲ. ಇಂಥವರು, ಇಂಥ ದಿನ ಮಾಡತಕ್ಕದ್ದು ಎಂಬ ಗೊತ್ತುಪಾಡು ಇದ್ದರೆ ಸಾಕು.

ಜೋಡಿ ಬೀಗ

ಇನ್ನು ಬೀಗದ ಕೈಯ ವಿಚಾರ. ಮೈಸೂರಿನ ಪ್ರಾಚ್ಯ ಪುಸ್ತಕಾಲಯ 1891ರಲ್ಲಿ ಸ್ಥಾಪಿತವಾದುದು. 1905ರಲ್ಲಿ ಅಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದ ಓಲೆಗರಿಯ ಕಟ್ಟೇ ಕೌಟಿಲ್ಯನ ಅರ್ಥಶಾಸ್ತ್ರವೆಂಬುದು ಲೋಕವಿಖ್ಯಾತವಾದ ಸಂಗತಿ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಅಧಿಕಾರಿಗಳು ಬೊಕ್ಕಸದ ಹಣವನ್ನು ಅಪಹರಿಸುವ 40 ಬಗೆಗಳನ್ನು ಪಟ್ಟಿ ಮಾಡಿದೆ. ಗೋಡೆಗೆ ಕನ್ನ ಹಾಕುವ ಕಳ್ಳನ ಮಾತು ಅದರಲ್ಲಿಲ್ಲ. ಮೊದಲು ಬಂದುದನ್ನು ಆಮೇಲೆ ಬರೆಯುವುದು, ಒಂದು ಕಡೆಯಿಂದ ಬಂದುದನ್ನು ಇನ್ನೊಂದು ಕಡೆಯಿಂದ ಬಂದಂತೆ ತೋರಿಸುವುದು, ಹೀಗೆ ಬಹುಪಾಲು ಒಳಗಿನವರು ಲೆಕ್ಕದ ಪುಸ್ತಕದಲ್ಲಿಯೇ ಮಾಡುವ ಕೈಚಳಕಗಳು. ಪುಸ್ತಕವು ಇಂದು ಗಣಕವಾಗಿದೆ. ಕೈಚಳಕದ ಸ್ವಭಾವ ಬದಲಾಗಿಲ್ಲ. ಹೊರಗಿನ ಕಳ್ಳನೂ ಇಂದು ಮೊದಲು ಮಾಡುವುದೇನೆಂದರೆ, ಒಳಗಿನವನೊಬ್ಬನ ಪಾಸ್‌ವರ್ಡನ್ನು ಸಂಪಾದಿಸಿ, ಒಳಗಿನವನಂತೆಯೇ ವೇಷ ತೊಡುವುದು.

ಸರ್ಕಾರದ ಖಜಾನೆಗಳಲ್ಲಿ ಜೋಡಿ ಬೀಗದ ಪದ್ಧತಿ ಬಹುಕಾಲದಿಂದ ಉಂಟು. ಒಂದು ಕೈ ಒಬ್ಬ ಅಧಿಕಾರಿಯಲ್ಲಿ, ಇನ್ನೊಂದು ಮತ್ತೊಬ್ಬರಲ್ಲಿ. ಇಬ್ಬರೂ ಸೇರದೆ ಬಾಗಿಲು ತೆರೆಯದು. ಇದು ಯಾರ ಮೇಲೆಯೂ ಅಪನಂಬಿಕೆಯಲ್ಲ. ಪ್ರಾಮಾಣಿಕನ ಮೇಲೆ ಸುಳ್ಳು ಸಂಶಯ ಬಾರದಂತೆ ಕಾಯುವ ಏರ್ಪಾಡು. ಗಣಕದಲ್ಲಿಯೂ ಇದೇ ತತ್ತ್ವ ಸಲ್ಲಬೇಕು. ದೊಡ್ಡ ಮೊತ್ತದ ಪಾವತಿಯನ್ನು ಒಬ್ಬರು ನಮೂದಿಸಿದರೆ ಇನ್ನೊಬ್ಬರು ಅನುಮೋದಿಸಬೇಕು. ಪಾಸ್‌ವರ್ಡಿನ ಜತೆಗೆ ಕೈಯಲ್ಲಿರುವ ಫೋನಿನಂಥ ಎರಡನೆಯ ಗುರುತನ್ನೂ ಯಂತ್ರ ಕೇಳಬೇಕು. ಯಾರಿಗೆ ಯಾವ ಕೋಣೆಯಲ್ಲಿ ಕೆಲಸವೋ ಅವರಿಗೆ ಆ ಕೋಣೆಯ ಕೈ ಮಾತ್ರ ಇರಬೇಕು. ಕೆಲಸ ಬಿಟ್ಟು ಹೋಗುವವರಿಗೆ ಹಾರ ಹಾಕಿ ಬೀಳ್ಕೊಡುವ ಸಂಜೆಯೇ ಅವರ ಹೆಸರಿನ ಬಾಗಿಲುಗಳೆಲ್ಲ ಮುಚ್ಚಬೇಕು. ನಾನು ಕಂಡ ಹಳದಿ ಚೀಟಿಯ ತಪ್ಪು ಆ ಗುಮಾಸ್ತೆಯದಲ್ಲ. ಆಕೆಗೆ ಬೇಕಾದ ಬಾಗಿಲನ್ನು ಆಕೆಯ ಹೆಸರಿನಲ್ಲಿ ಯಾರೂ ತೆರೆದುಕೊಟ್ಟಿರಲಿಲ್ಲ. ಕೆಲಸವನ್ನು ಮಾತ್ರ ಕೇಳುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ. ಕಾವಲು ಅತಿಯಾದರೆ ಅದೇ ಹಾನಿ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಾಯಿಸಿರೆಂದು ಪೀಡಿಸಿದರೆ ಜನ ಅದನ್ನು ಚೀಟಿಯಲ್ಲಿ ಬರೆಯುತ್ತಾರೆ, ಇಲ್ಲವೇ ಹಳೆಯದಕ್ಕೆ ಒಂದು ಅಂಕಿ ಸೇರಿಸುತ್ತಾರೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2017ರಲ್ಲಿ ಹೊರಡಿಸಿದ ಸೂಚನೆಗಳು ಇದನ್ನು ಒಪ್ಪಿಕೊಂಡು, ಸೋರಿದ ಸುಳಿವಿಲ್ಲದೆ ಸುಮ್ಮನೆ ಬದಲಾಯಿಸುವಂತೆ ಬಲವಂತ ಮಾಡಬಾರದೆಂದೂ, ಉದ್ದನೆಯ ಪಾಸ್‌ವರ್ಡ್ ಮೇಲೆಂದೂ ಹೇಳಿದುವು. ಮನುಷ್ಯ ಸ್ವಭಾವವನ್ನು ತಿಳಿಯದ ನಿಯಮ ಕಾಗದದಲ್ಲಿ ಮಾತ್ರ ನಿಲ್ಲುತ್ತದೆ.

ಮನುಷ್ಯ ಸ್ವಭಾವದ ಒಳ್ಳೆಯ ಮುಖವೂ ಉಂಟು. ಬಾಂಗ್ಲಾದೇಶದ ಪ್ರಕರಣದಲ್ಲಿ ಕಳ್ಳರು ಎತ್ತಲು ಹವಣಿಸಿದ್ದು ನೂರು ಕೋಟಿ ಡಾಲರಿನ ಸಮೀಪ. ಶ್ರೀಲಂಕೆಗೆ ಹೋಗುತ್ತಿದ್ದ 2 ಕೋಟಿ ಡಾಲರಿನ ಒಂದು ಪಾವತಿ ನಿಂತುದು ಯಂತ್ರದಿಂದಲ್ಲ. ಹಣ ಪಡೆಯುವ ಸಂಸ್ಥೆಯ ಹೆಸರಿನಲ್ಲಿ ಒಂದು ಇಂಗ್ಲಿಷ್ ಪದದ ಕಾಗುಣಿತ ತಪ್ಪಿರುವುದನ್ನು ಬ್ಯಾಂಕಿನವರು ಗಮನಿಸಿ ವಿಚಾರಿಸಿದುದರಿಂದ. ಅಧ್ಯಕ್ಷರ ಹೆಸರಿನಲ್ಲಿ "ತತ್‌ಕ್ಷಣ ಹಣ ಕಳುಹಿಸಿ" ಎಂದು ಬಂದ ಇ-ಮೇಲನ್ನು ನಂಬದೆ ಅಧ್ಯಕ್ಷರಿಗೇ ಫೋನು ಮಾಡಿ ಕೇಳುವ ಧೈರ್ಯ ಒಬ್ಬ ಕಿರಿಯ ಗುಮಾಸ್ತನಿಗೆ ಇರಬೇಕು. ಹಾಗೆ ಕೇಳಿದವನನ್ನು ಅಧ್ಯಕ್ಷರು ಗದರಿದರೆ, ಆ ಸಂಸ್ಥೆಯ ಅತ್ಯಂತ ಅಗ್ಗದ ಮತ್ತು ಅತ್ಯಂತ ಒಳ್ಳೆಯ ಕಾವಲನ್ನು ಅವರೇ ಕಿತ್ತೆಸೆದಂತೆ. ಮೋಸದ ಕೊಂಡಿಯನ್ನು ಒತ್ತಿಬಿಟ್ಟೆನೆಂದು ಐದು ನಿಮಿಷದಲ್ಲಿ ಬಂದು ಹೇಳುವವನಿಗೆ ಶಿಕ್ಷೆ ಇರಕೂಡದು. ಶಿಕ್ಷೆಯ ಭಯದಿಂದ ಐದು ದಿನ ಮುಚ್ಚಿಟ್ಟರೆ ಆಗುವ ನಷ್ಟವೇ ದೊಡ್ಡದು.

ಮರದ ಅರಮನೆ

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನನ ನಕ್ಷೆಯಂತೆ ಕಟ್ಟಿ, 1912ರಲ್ಲಿ ಮುಗಿದ ಹೊಸ ಅರಮನೆಯನ್ನು ನಾವು ಈಗ ನೋಡುತ್ತೇವೆ. ಅದನ್ನು ಕಟ್ಟಿಸಿದವರು "ಇನ್ನು ಮೇಲೆ ದೀಪವನ್ನು ಜೋಪಾನವಾಗಿ ಹಚ್ಚೋಣ" ಎಂದಷ್ಟೇ ಹೇಳಿ ಮತ್ತೆ ಮರದಲ್ಲಿ ಕಟ್ಟಿಸಲಿಲ್ಲ. ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣಗಳನ್ನು ಆರಿಸಿಕೊಂಡರು. ಕಿಡಿ ಎಂದಾದರೂ ಬಿದ್ದೇ ಬೀಳುತ್ತದೆ, ಬಿದ್ದರೆ ಎಲ್ಲವೂ ಹತ್ತಿಕೊಳ್ಳಬಾರದು ಎಂಬುದೇ ಇಂಥ ಕಟ್ಟಡದ ಹಿಂದಿರುವ ವಿವೇಕ.

ನಮ್ಮ ಸಂಸ್ಥೆಗಳ ಗಣಕಜಾಲಗಳಲ್ಲಿ ಬಹುಪಾಲು ಇನ್ನೂ ಮರದ ಅರಮನೆಗಳೇ. ಬಾಗಿಲಲ್ಲಿ ಕುಳಿತ ಸ್ವಾಗತಕಾರರ ಗಣಕಕ್ಕೂ ಒಳಗಿನ ಲೆಕ್ಕದ ಸರ್ವರಿಗೂ ನಡುವೆ ಗೋಡೆಯಿಲ್ಲ. ಏಮ್ಸ್ ಪ್ರಕರಣದಲ್ಲಿ ಸರ್ಕಾರ ಕೊಟ್ಟ ವಿವರಣೆಯೂ ಇದೇ ಆಗಿತ್ತು: ಜಾಲವನ್ನು ಸರಿಯಾಗಿ ವಿಭಾಗಿಸದಿದ್ದುದು. ಒಂದು ಕೋಣೆಯ ಬೆಂಕಿ ಇನ್ನೊಂದಕ್ಕೆ ಹೋಗದಂತೆ ವಿಂಗಡಿಸುವುದೇ ಯಂತ್ರಜ್ಞನಿಂದ ಮೊದಲು ಮಾಡಿಸಬೇಕಾದ ಕೆಲಸ.

ಆದರೂ ಏಮ್ಸ್ ಚೇತರಿಸಿಕೊಂಡಿತು. ಕಾರಣ, ರೋಗಿಗಳ ವಿವರದ ಒಂದು ನಕಲು ಬೆಂಕಿ ತಗಲದ ಬೇರೊಂದು ಸರ್ವರಿನಲ್ಲಿ ಉಳಿದಿತ್ತು. ಇದಕ್ಕೂ ಅರ್ಥಶಾಸ್ತ್ರದ ಕಥೆ ಸಾಕ್ಷಿಯಾಗಿದೆ. ವಿದ್ವಾಂಸರು ಇತರ ಗ್ರಂಥಗಳಲ್ಲಿ ಬಂದ ಉಲ್ಲೇಖಗಳಿಂದ ಮಾತ್ರ ಹೆಸರನ್ನು ಬಲ್ಲವರಾಗಿದ್ದ ಆ ಗ್ರಂಥ ಮೈಸೂರಿಗೆ ದೊರೆತುದು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರಿಂದ. ಯಾವನೋ ಲಿಪಿಕಾರ ಎಂದೋ ಎತ್ತಿಟ್ಟ ಒಂದು ಪ್ರತಿ ಒಂದು ಮನೆಯಲ್ಲಿ ಉಳಿದಿತ್ತು. ಆದ್ದರಿಂದ ಗ್ರಂಥ ಉಳಿಯಿತು. ಸಂಸ್ಥೆಯ ದಾಖಲೆಗೂ ಮೂರು ಪ್ರತಿಗಳಿರಬೇಕೆಂಬುದು ಈಗಿನ ರೂಢಿ: ಒಂದು ಕೆಲಸದಲ್ಲಿ, ಒಂದು ಪಕ್ಕದಲ್ಲಿ, ಒಂದು ಬೇರೆ ಊರಲ್ಲಿ. ಅವುಗಳಲ್ಲಿ ಒಂದಾದರೂ ಜಾಲದಿಂದ ಪೂರ್ತಿ ಬೇರ್ಪಟ್ಟಿರಬೇಕು. ಏಕೆಂದರೆ ರ‍್ಯಾನ್ಸಮ್‌ವೇರ್ ಮೊದಲು ಹುಡುಕುವುದೇ ನಕಲನ್ನು. ಮತ್ತು ಬ್ಯಾಕಪ್ ತೆಗೆಯುತ್ತೇವೆಂಬ ಮಾತು ಸಾಲದು. ಅದರಿಂದ ಕೆಲಸವನ್ನು ಮತ್ತೆ ಎಬ್ಬಿಸಿ ನೋಡಿದ್ದೇವೆಯೇ ಎಂಬುದೇ ಪ್ರಶ್ನೆ. ಬಿಚ್ಚಿ ನೋಡದ ಓಲೆಯ ಕಟ್ಟಿನೊಳಗೆ ಗೆದ್ದಲು ಇರಬಹುದು.

ಆ ದಿನ

ಇಷ್ಟೆಲ್ಲ ಮಾಡಿದರೂ ಒಂದು ದಿನ ಪೆಟ್ಟು ಬೀಳಬಹುದು. ಆ ದಿನ ಯಾರು ಏನು ಮಾಡಬೇಕೆಂಬುದನ್ನು ಆ ದಿನ ಯೋಚಿಸಲಾಗದು. ಜಾಲವನ್ನು ಕಡಿಯಲು ಹೇಳುವ ಅಧಿಕಾರ ಯಾರದು? ಬ್ಯಾಂಕಾದರೆ ಗಿರಾಕಿಗಳಿಗೆ ಏನು ಹೇಳಬೇಕು? ಆಸ್ಪತ್ರೆಯಾದರೆ ಕಾಗದದ ನಮೂನೆಗಳು ಅಚ್ಚಾಗಿ ಬೀರುವಿನಲ್ಲಿವೆಯೆ? ಫೋನು ಮಾಡಬೇಕಾದವರ ಸಂಖ್ಯೆಗಳು ಕೆಟ್ಟುಹೋದ ಗಣಕದೊಳಗೇ ಇದ್ದರೆ ಪ್ರಯೋಜನವೇನು? ಅವು ಕಾಗದದಲ್ಲಿ, ಗೋಡೆಯ ಮೇಲೆ ಇರಬೇಕು. 2022ರ ಏಪ್ರಿಲ್ 28ರ ಆದೇಶದಂತೆ ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸತಕ್ಕದ್ದು. ಗಣಕಗಳ ದಿನಚರಿಯ ದಾಖಲೆಗಳನ್ನು 180 ದಿನ ಉಳಿಸಿಕೊಂಡಿರತಕ್ಕದ್ದು. ಹಣ ಹೋಗಿದ್ದರೆ 1930 ಸಂಖ್ಯೆಗೆ ಮಾಡುವ ಕರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾದರೋ, ಜನರ ವಿವರಗಳಿಗೆ ತಕ್ಕ ರಕ್ಷಣೆ ಒದಗಿಸದವರಿಗೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಮಾಡಿದೆ. ವಿವರ ಸೋರಿದರೆ ಅದರಿಂದ ಬಾಧಿತರಾದವರಿಗೆ ತಿಳಿಸಬೇಕೆಂದೂ ಹೇಳಿದೆ. ಮಾನ ಹೋದೀತೆಂದು ಮುಚ್ಚಿಡುವ ಹಳೆಯ ಅಭ್ಯಾಸಕ್ಕೆ ಇನ್ನು ಕಾನೂನಿನಲ್ಲಿ ಎಡೆಯಿಲ್ಲ.

"ಅದೆಲ್ಲ ನಮ್ಮ ಕೆಲಸವಲ್ಲ, ಗುತ್ತಿಗೆ ಕೊಟ್ಟಿದ್ದೇವೆ" ಎನ್ನುವವರು 2024ನ್ನು ನೆನೆಯಬೇಕು. ಆ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ತೇಪೆಯಿಂದಲೇ ಜಗತ್ತಿನ ಸುಮಾರು 85 ಲಕ್ಷ ಗಣಕಗಳು ಕುಸಿದುವು, ವಿಮಾನಗಳು ನಿಂತುವು. ಅದೇ ತಿಂಗಳ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಗಣಕಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಗೆ ರ‍್ಯಾನ್ಸಮ್‌ವೇರ್ ತಗಲಿದಾಗ, ಸೋಂಕು ಹರಡದಂತೆ ಅದನ್ನು ದೇಶದ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಬೇಕಾಯಿತು. ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳಿಗೆ ತೊಂದರೆಯಾಯಿತು. ಕೆಲಸವನ್ನು ಗುತ್ತಿಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ಗುತ್ತಿಗೆದಾರನು ನಿಂತುಹೋದ ದಿನ ನಾವೇನು ಮಾಡುತ್ತೇವೆಂಬ ಪ್ರಶ್ನೆ ನಮ್ಮದಾಗಿಯೇ ಉಳಿಯುತ್ತದೆ.

ಹಣವೆಲ್ಲಿ ಎಂಬ ಪ್ರಶ್ನೆ

ಸಣ್ಣ ಸಂಸ್ಥೆಗೆ ಇದು ಭಾರವಲ್ಲವೆ ಎಂಬ ಆಕ್ಷೇಪ ನ್ಯಾಯವಾದುದು. ಹೆಬ್ಬಾಳದ ವಿಸ್ತಾರವಾದ ಆವರಣದಲ್ಲಿ ಇನ್ಫೋಸಿಸ್ ಸಂಸ್ಥೆ ಸಾವಿರಾರು ತರುಣರಿಗೆ ಗಣಕವಿದ್ಯೆಯ ತರಬೇತಿ ಕೊಡುತ್ತಿದೆ. ಅದೇ ಊರಿನ ಚಿಕ್ಕ ಸೊಸೈಟಿಗೆ ತಿಂಗಳಿಗೆರಡು ಸಲ ಬಂದುಹೋಗುವ ಒಬ್ಬ ಹುಡುಗನೇ ಗತಿ. ರಿಸರ್ವ್ ಬ್ಯಾಂಕು ಕೂಡ ಇದನ್ನು ಅರಿತು, 2019ರ ಡಿಸೆಂಬರ್ 31ರಂದು ನಗರ ಸಹಕಾರಿ ಬ್ಯಾಂಕುಗಳಿಗೆ ಹೊರಡಿಸಿದ ಚೌಕಟ್ಟಿನಲ್ಲಿ ಎಲ್ಲರಿಗೂ ಒಂದೇ ಅಳತೆಯ ಅಂಗಿಯನ್ನು ತೊಡಿಸದೆ, ಅವುಗಳ ಗಣಕವ್ಯವಹಾರಕ್ಕೆ ತಕ್ಕಂತೆ ನಾಲ್ಕು ಮೆಟ್ಟಿಲುಗಳನ್ನು ಗೊತ್ತುಮಾಡಿತು. ಮೇಲೆ ಹೇಳಿದುದರಲ್ಲಿ ಬಹುಪಾಲಿಗೆ, ಎಂದರೆ ಹಾಳೆಯ ಪಟ್ಟಿಗೆ, ಜೋಡಿ ಬೀಗಕ್ಕೆ, ಬೇರೆಡೆ ಇಟ್ಟ ನಕಲಿಗೆ, ಗೋಡೆಯ ಮೇಲಿನ ಸಂಖ್ಯೆಗಳಿಗೆ, ಹೆಚ್ಚು ಹಣ ಬೇಕಿಲ್ಲ, ಗಮನ ಬೇಕು.

ಹಣ ಬೇಕಾದ ಭಾಗಕ್ಕೆ ಉತ್ತರವೂ ನಮ್ಮ ನಾಡಿನಲ್ಲಿಯೇ ಇದೆ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದುದು, ಒಬ್ಬೊಬ್ಬನಿಗೆ ಸಾಧ್ಯವಿಲ್ಲದುದು ಹತ್ತು ಮಂದಿಗೆ ಸಾಧ್ಯವೆಂಬ ನಂಬಿಕೆಯಿಂದ. ಸಾಲಕ್ಕೆ ಸಲ್ಲುವ ಸಹಕಾರ ಕಾವಲಿಗೇಕೆ ಸಲ್ಲದು? ಮೈಸೂರಿನ ಐದಾರು ಸೊಸೈಟಿಗಳು ಸೇರಿ ಒಬ್ಬ ಸಮರ್ಥ ರಕ್ಷಣಾಧಿಕಾರಿಯನ್ನು ನೇಮಿಸಿಕೊಳ್ಳಬಹುದು. ಒಬ್ಬರ ನಕಲನ್ನು ಬೀಗ ಹಾಕಿ ಇನ್ನೊಬ್ಬರಲ್ಲಿ ಇರಿಸಬಹುದು. ಒಬ್ಬರಿಗೆ ಬಿದ್ದ ಪೆಟ್ಟನ್ನು ಉಳಿದವರಿಗೆ ಅಂದೇ ತಿಳಿಸಬಹುದು. ರಾಷ್ಟ್ರ ಮಟ್ಟದಲ್ಲಿ ನಗರ ಸಹಕಾರಿ ಬ್ಯಾಂಕುಗಳಿಗೆಂದು 2024ರ ಮಾರ್ಚಿಯಲ್ಲಿ ಆರಂಭವಾದ ಛತ್ರಸಂಸ್ಥೆಯ ಹಿಂದೆಯೂ ಇದೇ ಆಲೋಚನೆ ಇದೆ.

ಕಡೆಯ ಮಾತು ಸದಸ್ಯರಿಗೆ. ಸೊಸೈಟಿಗಳ ವಾರ್ಷಿಕ ಸರ್ವಸದಸ್ಯರ ಸಭೆಗೆ ನಾವು ಹೋಗುತ್ತೇವೆ. ಡಿವಿಡೆಂಡ್ ಎಷ್ಟೆಂದು ಕೇಳುತ್ತೇವೆ. ವರದಿಯ ಪುಸ್ತಕವನ್ನೂ ತಿಂಡಿಯ ಪೊಟ್ಟಣವನ್ನೂ ತೆಗೆದುಕೊಂಡು ಮನೆಗೆ ಬರುತ್ತೇವೆ. ಈ ವರ್ಷದ ಸಭೆಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಲಿ. ನಮ್ಮ ಲೆಕ್ಕದ ಬೀಗದ ಕೈ ಈಗ ಯಾರ ಯಾರ ಕೈಯಲ್ಲಿದೆ? ನಕಲಿನಿಂದ ಕೆಲಸವನ್ನು ಮತ್ತೆ ಎಬ್ಬಿಸಿ ನೋಡಿದ ಕಡೆಯ ದಿನ ಯಾವುದು? ನಾಳೆ ಗಣಕಗಳು ನಿಂತರೆ ನಾಡಿದ್ದು ಬಾಗಿಲು ತೆರೆಯುವವರು ಯಾರು? ವೇದಿಕೆಯ ಮೇಲಿರುವವರು ಕಂಪ್ಯೂಟರಿನ ಹುಡುಗನ ಕಡೆಗೆ ತಿರುಗಿ ನೋಡಿದರೆ, ಆ ಸಂಸ್ಥೆಯಲ್ಲಿ ಕೆಲಸ ಇನ್ನೂ ಆರಂಭವಾಗಿಲ್ಲವೆಂದು ತಿಳಿಯಬೇಕು. ಅವರೇ ಉತ್ತರ ಕೊಟ್ಟರೆ, ಆ ಉತ್ತರ ಅಪೂರ್ಣವಾಗಿದ್ದರೂ ಚಿಂತೆಯಿಲ್ಲ. ಉಳಿದುದನ್ನು ಮುಂದಿನ ವರ್ಷದ ಸಭೆಯಲ್ಲಿ ಕೇಳಬಹುದು.